ಅಕ್ಕನ ಘಟಿಕೋತ್ಸವದ ಅಂಗಿ

ಶಾಲೆ ಶುರುವಾಗುವ ಮುಂಚಿನ ತಿಂಗಳಲ್ಲಿ ನನ್ನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಕಚ್ಚುತ್ತೇನೆ. ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವರೆಲ್ಲ ಆ ತಿಂಗಳು ಹಾಗೆಯೇ. ಬೆಳಿಗ್ಗೆ ಮಿಷನ್ ಮುಂದೆ ಕೂತರೆ ಬಿಳಿ ಶರ್ಟು, ಬಿಳಿ ಶರ್ಟು, ಮತ್ತೂ ಬಿಳಿ ಶರ್ಟು. ಮಧ್ಯಾಹ್ನದ ಮೇಲೆ ನೀಲಿ ಚಡ್ಡಿ. ಮನೆಗೆ ಬಂದು ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ಕಾಲರುಗಳು ಸಾಲುಗಟ್ಟಿ ಹೋಗುತ್ತಿರುತ್ತವೆ. ಸೊಂಟ ಅನ್ನುವುದೊಂದು ಇದೆ ಎಂದು ಎದ್ದು ನಿಂತಾಗ ಮಾತ್ರ ನೆನಪಾಗುತ್ತದೆ, ಅದೂ ಅದೇ ಕಿರುಚಿ ಹೇಳುವುದರಿಂದ. ನಮ್ಮ ಮಾಲೀಕನ ಬಾಯಲ್ಲಿ ಬೇರೆ ಮಾತೇ ಇಲ್ಲ, 'ಬೇಗ ಬೇಗ' ಅಷ್ಟೇ. ಅವನಿಗೆ ಅದೇ ಹೆಸರಿಟ್ಟಿದ್ದೇವೆ. ಬೇಗಬೇಗ ಬಂದ, ಬೇಗಬೇಗ ಹೋದ ಎನ್ನುತ್ತೇವೆ.

ಅಂಥ ತಿಂಗಳಲ್ಲೇ ನಮ್ಮಕ್ಕನ ಘಟಿಕೋತ್ಸವ ಬರಬೇಕೇ!

ಅಕ್ಕನ ವಿಷಯ ಹೇಳಿಬಿಡುತ್ತೇನೆ. ಅವಳಿಗೆ ಐವತ್ತು ದಾಟಿದೆ. ಮದುವೆಯಾಗಲಿಲ್ಲ. ನನ್ನವರು ತೀರಿಕೊಂಡ ಮೇಲೆ ನಾನೂ ಅವಳೂ ಒಂದೇ ಮನೆಯಲ್ಲಿದ್ದೇವೆ. ಅವಳು ಶಿಶುವಿಹಾರವೊಂದರಲ್ಲಿ ಆಯಾ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಅತ್ತರೆ ಸಮಾಧಾನ ಮಾಡುವುದು, ಮಲಗದಿದ್ದವರನ್ನು ಮಲಗಿಸುವುದು. ಇದೇ ಮಕ್ಕಳಿಗೆ ಒಂದು ದಿನ ಟೀಚರ್ ಆಗಿ ಪಾಠ ಹೇಳಬೇಕು ಎಂಬ ಹಟ ಅವಳಿಗೆ ಎಲ್ಲಿಂದ ಹುಟ್ಟಿತೋ, ಸಂಜೆ ಕಾಲೇಜು ಸೇರಿದಳು. ಓದಿನ ಮಧ್ಯದಲ್ಲಿ ಕಾಯಿಲೆ ಬಂತು. ಎಡಗಡೆಯ ಎದೆ ತೆಗೆದರು, ಬಗಲಿನ ಗಂಟುಗಳನ್ನೂ ತೆಗೆದರು. ಕೂದಲು ಹೋಯಿತು, ಮತ್ತೆ ಬಂತು. ಎಡಗೈ ಮಾತ್ರ ಊದಿಕೊಂಡಿದ್ದು ಹಾಗೆಯೇ ಉಳಿಯಿತು. ಒಳಗಿನ ನೀರು ಹರಿದುಹೋಗುವ ದಾರಿಯೇ ಕಡಿದುಹೋಗಿದೆ, ಇನ್ನು ಜೀವನಪೂರ್ತಿ ಹೀಗೆಯೇ ಎಂದರು ಡಾಕ್ಟರು. ಆ ಕೈಗೆ ಬಿಗಿ ಬಟ್ಟೆ ಹಾಕಬಾರದು, ಆ ಕೈಯಲ್ಲಿ ಭಾರ ಎತ್ತಬಾರದು. ಭಾರ ಎತ್ತದೆ ಆಯಾ ಕೆಲಸ ಮಾಡುವುದು ಹೇಗೆ ಎಂದು ಡಾಕ್ಟರು ಹೇಳಲಿಲ್ಲ. ಅಕ್ಕ ಬಲಗೈಯೊಂದರಲ್ಲೇ ಮಕ್ಕಳನ್ನು ಎತ್ತುವುದು ಕಲಿತಳು. ಹಾಗೆಯೇ ಓದನ್ನೂ ಮುಗಿಸಿದಳು.

ಶಿಶುವಿಹಾರದ ಮಕ್ಕಳಿಗೆ ಅವಳ ಕೈ ದೊಡ್ಡ ವಿಷಯವೇ ಅಲ್ಲ. "ಆಯಾ, ನಿನ್ನ ಈ ಕೈ ಮಾತ್ರ ಊಟ ಜಾಸ್ತಿ ಮಾಡುತ್ತಾ?" ಎಂದು ಒಂದು ಹುಡುಗಿ ಕೇಳಿತ್ತಂತೆ. ಹೌದು, ಇದು ಹೊಟ್ಟೆಬಾಕ ಕೈ ಎಂದು ಅಕ್ಕ ಹೇಳಿದ್ದಳಂತೆ. ತೊಂದರೆ ಇರುವುದೆಲ್ಲ ದೊಡ್ಡವರಲ್ಲಿ. ಅವರ ಕಣ್ಣು ಮೊದಲು ಕೈಗೆ ಹೋಗುತ್ತದೆ, ಆಮೇಲೆ ಎದೆಗೆ ಹೋಗಿ ಗಾಬರಿಯಿಂದ ವಾಪಸ್ ಬರುತ್ತದೆ, ಕೊನೆಗೆ ತಲೆ ಒಂದು ಕಡೆ ವಾರೆಯಾಗುತ್ತದೆ. "ಹೇಗಿದೀರಾ ಈಗ?" ಎಂಬ ಪ್ರಶ್ನೆ ಬರುತ್ತದೆ. ಅದನ್ನು ಕೇಳಿ ಕೇಳಿ ನನಗೇ ಮೈ ಉರಿಯುತ್ತದೆ, ಇನ್ನು ಅವಳಿಗೆ ಹೇಗಾಗಬೇಕು?

ಒಂದು ಸಂಜೆ ನಾನು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದೆ. ಅಕ್ಕ ಪಕ್ಕದಲ್ಲಿ ಬಂದು ಕೂತು, "ಪುಟ್ಟಿ, ನನಗೊಂದು ಒಳ್ಳೆ ಬಟ್ಟೆ ಬೇಕು ಕಣೇ. ಘಟಿಕೋತ್ಸವಕ್ಕೆ" ಎಂದಳು. ನನ್ನ ತಲೆಯಲ್ಲಿ ಅರ್ಧಕ್ಕರ್ಧ ಬೆಳ್ಳಿ ಕೂದಲು. ಅವಳಿಗೆ ನಾನು ಇನ್ನೂ ಪುಟ್ಟಿ.

"ಮೇಲೆ ಆ ಕರಿ ಗೌನು ಹಾಕ್ತಾರಲ್ಲಕ್ಕ. ಒಳಗೆ ಗೋಣಿಚೀಲ ಹಾಕ್ಕೊಂಡ್ರೂ ಯಾರಿಗೆ ಗೊತ್ತಾಗುತ್ತೆ?"

"ಗೌನು ಸ್ಟೇಜಿಗೆ ಮಾತ್ರ. ಇಳಿದ ತಕ್ಷಣ ವಾಪಸ್ ಇಸ್ಕೊಂಡುಬಿಡ್ತಾರೆ. ಆಮೇಲೆ ಫೋಟೋ, ಟೀ, ಮಾತುಕತೆ ಎಲ್ಲ ಒಳಗಿನ ಬಟ್ಟೇಲೇ. ನಮ್ಮ ದೊಡ್ಡ ಮೇಡಂ ಬೇರೆ ಬರ್ತೀನಿ ಅಂದಿದಾರೆ."

ದೊಡ್ಡ ಮೇಡಂ ಎಂದರೆ ಶಿಶುವಿಹಾರ ನಡೆಸುವವರು. ಯಾರು ಟೀಚರ್, ಯಾರು ಆಯಾ ಎಂದು ತೀರ್ಮಾನಿಸುವವರು ಅವರೇ.

"ಒಂದೇ ಒಂದು ದಿನ, ಪುಟ್ಟಿ" ಎಂದಳು ಅಕ್ಕ. "ಎದುರಿಗೆ ಬಂದೋರು ನನ್ನ ಮುಖ ನೋಡ್ಬೇಕು. ಕೈ ನೋಡಬಾರ್ದು. ಹೇಗಿದೀರಾ ಅನ್ನಬಾರ್ದು, ಪಾಸಾದ್ರಂತಲ್ಲ ಅನ್ಬೇಕು. ಅಷ್ಟೇ ಕಣೇ ನನಗೆ ಬೇಕಾಗಿರೋದು. ಚೆನ್ನಾಗೂ ಕಾಣ್ಬೇಕು, ಹಾಕ್ಕೊಂಡ್ರೆ ಹಾಯಾಗೂ ಇರ್ಬೇಕು."

"ಎರಡೂ ಒಟ್ಟಿಗೆ ಸಿಗೋ ಹಾಗಿದ್ರೆ ಯಾವ ಹೆಂಗಸು ಬಿಡ್ತಿದ್ಲು?" ಎಂದೆ.

ಹೊಲಿದುಕೊಡು ಎಂದು ಅವಳು ಕೇಳಲಿಲ್ಲ. ನಾನು ಸೊಂಟ ಹಿಡಿದುಕೊಂಡು ಏಳುವುದನ್ನು ದಿನಾ ನೋಡುತ್ತಾಳೆ. ಅಂಗಡಿಯಲ್ಲಿ ರೆಡಿಮೇಡ್ ತಗೊಳ್ಳೋಣ ಎಂದಳು. "ಹಿತ್ತಲ ಗಿಡ ಮದ್ದಲ್ಲ, ಬಿಡು" ಎಂದು ಚುಚ್ಚಿದೆ. ಆದರೆ ಒಳಗೊಳಗೇ ಬದುಕಿದೆಯಾ ಬಡಜೀವವೇ ಎನಿಸಿತು. ಮನೆಗೆ ಬಂದು ಮತ್ತೆ ಮಿಷನ್ ತುಳಿಯುವ ಶಕ್ತಿ ನನ್ನ ಕಾಲಿನಲ್ಲಿ ಉಳಿದಿರಲಿಲ್ಲ.

ರಜೆಯ ದಿನ ಬಟ್ಟೆ ಅಂಗಡಿಗೆ ಹೋದೆವು. ನನಗಿರುವುದೇ ವಾರಕ್ಕೊಂದು ರಜೆ, ಅದೂ ಅಲ್ಲಿ ಹೋಯಿತು. ಮೂರು ಮಹಡಿಯ ಅಂಗಡಿ. ಎಲ್ಲಿ ನೋಡಿದರೂ ಕನ್ನಡಿ, ಎಲ್ಲಿ ನೋಡಿದರೂ ನಾನೇ, ಕಣ್ಣಿನ ಕೆಳಗೆ ಕಪ್ಪು ಹೊತ್ತು ನಿಂತಿರುವ ನಾನು. ಬಟ್ಟೆ ತೋರಿಸುವ ಹುಡುಗಿ ಚುರುಕಾಗಿದ್ದಳು. ಅಕ್ಕನ ಕೈ ನೋಡಿದ ಕೂಡಲೇ ಅವಳ ದನಿ ಇಳಿದುಹೋಯಿತು, ರೋಗಿಯ ಮಂಚದ ಪಕ್ಕ ನಿಂತು ಮಾತಾಡುವವರ ದನಿಯಾಯಿತು. "ಆಂಟಿ, ಫ್ರೀ ಸೈಜ್‌ನಲ್ಲಿ ತುಂಬಾ ಇವೆ, ಎಲ್ಲರಿಗೂ ಆಗುತ್ತೆ" ಎಂದಳು. ಎಲ್ಲರಿಗೂ ಆಗುವುದು ಯಾರಿಗೂ ಆಗುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಬಾಯಿ ತೆರೆಯಲೂ ಬೇಜಾರಾಗಿ ಟ್ರಯಲ್ ರೂಮಿನ ಹೊರಗಿದ್ದ ಸ್ಟೂಲಿನ ಮೇಲೆ ಕೂತೆ.

ಅಕ್ಕ ಒಂದೊಂದೇ ಹಾಕಿ ಬಂದಳು. ಎಡಗೈಗೆ ಸರಿಹೋದದ್ದು ಹೆಗಲಿನಿಂದ ಜಾರುತ್ತಿತ್ತು. ಹೆಗಲಿಗೆ ಕೂತದ್ದು ಕೈಗೆ ಏರುತ್ತಿರಲಿಲ್ಲ. ತೋಳಿಲ್ಲದ್ದನ್ನು ಹುಡುಗಿ ತಂದುಕೊಟ್ಟಾಗ ಅಕ್ಕ ಸುಮ್ಮನೆ ಅದನ್ನು ಮಡಚಿ ವಾಪಸ್ ಕೊಟ್ಟಳು. ಕೊನೆಗೆ ಒಂದು ಕಡುಹಸಿರು ಬಣ್ಣದ ಅಂಗಿ ಸಿಕ್ಕಿತು. ಕಣ್ಣು ಅರಳಿಸಿಕೊಂಡು ಒಳಗೆ ಹೋದಳು. ಹೋದವಳು ಬರಲೇ ಇಲ್ಲ.

"ಅಕ್ಕ?"

"ಪುಟ್ಟಿ, ಸ್ವಲ್ಪ ಒಳಗೆ ಬಾ."

ಹೋದರೆ, ಅಂಗಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ತಲೆ ಒಳಗೆ, ಎಡಗೈ ತೋಳಿನ ಮಧ್ಯದಲ್ಲಿ, ಬಲಗೈ ಮೇಲೆ. ಮೊದಲು ನಗು ಬಂತು. ಒಳಗಿನಿಂದ ಅವಳೂ ನಕ್ಕಳು. "ನಾನು ಇಲ್ಲೇ ಇರ್ತೀನಿ, ಘಟಿಕೋತ್ಸವ ಇಲ್ಲಿಗೇ ತಂದ್ಬಿಡು" ಎಂದಳು. ನಾನು ಮೆಲ್ಲಗೆ ಎಳೆಯುತ್ತಿದ್ದೆ. ಇನ್ನೂ ನಗುತ್ತಿದ್ದಾಳೆ ಎಂದುಕೊಂಡಿದ್ದೆ. ಅಂಗಿ ಹೊರಗೆ ಬಂದಾಗ ಅವಳ ಮುಖವೆಲ್ಲ ಒದ್ದೆಯಾಗಿತ್ತು. ಆಸ್ಪತ್ರೆಯಲ್ಲಿ ಅಷ್ಟೆಲ್ಲ ಸೂಜಿ ಚುಚ್ಚಿದಾಗಲೂ ನನ್ನ ಮುಂದೆ ಅಳದವಳು ಬಟ್ಟೆ ಅಂಗಡಿಯ ಪೆಟ್ಟಿಗೆಯಂಥ ಕೋಣೆಯಲ್ಲಿ ಅಳುತ್ತಿದ್ದಳು. ನನಗೆ ಆ ಹುಡುಗಿಯ ಮೇಲೆ, ಅಂಗಿಯ ಮೇಲೆ, ಎಲ್ಲರ ಮೇಲೂ ಕೆಟ್ಟ ಸಿಟ್ಟು ಬಂತು.

"ಹೊರಡು" ಎಂದೆ. "ನಾನು ಹೊಲೀತೀನಿ."

"ಬೇಡ ಕಣೇ, ನಿನ್ನ ಸೊಂಟ..."

"ನನ್ನ ಸೊಂಟದ ಸುದ್ದಿಗೆ ಬರ್ಬೇಡ. ನಡಿ ಅಂದ್ರೆ ನಡಿ."

ಅದೇ ಕಡುಹಸಿರಿನ ಬಟ್ಟೆ ತಂದೆ. ಮೈಗೆ ಅಂಟದೆ ಇಳಿಬೀಳುವಂಥದ್ದು, ಹಗುರ, ಸುಕ್ಕಾಗುವುದಿಲ್ಲ. ಸಂಜೆ ಕೆಲಸದಿಂದ ಬಂದ ಮೇಲೆ ಕೈಯೇ ಎತ್ತಲಾಗುತ್ತಿರಲಿಲ್ಲವಾದ್ದರಿಂದ ಬೆಳಿಗ್ಗೆ ಬೇಗ ಎದ್ದು ಹೊಲಿಯುವುದೆಂದು ಮಾಡಿಕೊಂಡೆ. ಮೊದಲು ಎರಡೂ ತೋಳನ್ನು ಸಡಿಲ ಮಾಡಿ ಕಚ್ಚಾ ಹೊಲಿಗೆ ಹಾಕಿದೆ. ಅಕ್ಕ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಹಾಯಾಗಿದೆ ಎಂದಳು. ಹೇಳಿದವಳು ಕನ್ನಡಿಗೆ ಬೆನ್ನು ತಿರುಗಿಸಿದಳು.

"ಬಾಯಿ ಬಿಟ್ಟು ಹೇಳು."

"ಆಸ್ಪತ್ರೇಲಿ ಕೊಡ್ತಿದ್ರಲ್ಲ, ಹಿಂದೆ ದಾರ ಕಟ್ಟೋದು, ಅದರ ಥರ ಇದೆ ಪುಟ್ಟಿ."

ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಕಂಡಿತ್ತು. ಬಿಚ್ಚಿ ಎಸೆದೆ. ಅವಳಿಗೆ ನಾಲ್ಕು ಮಾತು ಬೈದೆ, ಬೈದಾದ ಮೇಲೆ ಕೂತು ಯೋಚನೆ ಮಾಡಿದೆ. ಎರಡು ಕೈಗೆ ಎರಡು ಬೇರೆ ತೋಳು ಕತ್ತರಿಸಬೇಕು. ಬಲಗಡೆಯದು ಅವಳ ಬಲಗೈ ಅಳತೆಗೆ, ಎಡಗಡೆಯದು ಮೊಣಕೈ ಮೇಲೂ ಕೆಳಗೂ ಅಗಲ. ಉದ್ದ ಒಂದೇ, ಮಣಿಕಟ್ಟಿನ ಪಟ್ಟಿ ಒಂದೇ, ಹೆಗಲಿನ ಹತ್ತಿರ ಎರಡಕ್ಕೂ ಒಂದೇ ಥರದ ನೆರಿಗೆ. ಹಾಗೆ ಮಾಡಿದರೆ ತೋಳಿನ ಒಳಗೆ ಕೈಗಳು ಬೇರೆ ಬೇರೆಯಿದ್ದರೂ ನೋಡುವವರ ಕಣ್ಣಿಗೆ ಎರಡೂ ಒಂದೇ. ಎದೆಯ ಹತ್ತಿರ ಎಡಗಡೆಗೆ ಒಳಪದರ ಕೊಟ್ಟೆ, ಕುತ್ತಿಗೆಯಿಂದ ಓರೆಯಾಗಿ ಒಂದು ಮಡಿಕೆ ಇಳಿಸಿದೆ. ಮೈಭಾಗ ಹೊಲಿದು ತೋಳಿಲ್ಲದೆ ತೊಡಿಸಿ ನೋಡಿದಾಗ ಅಕ್ಕ ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ. ಒಂದು ಸಲ ಈ ಕಡೆ ತಿರುಗಿದಳು, ಒಂದು ಸಲ ಆ ಕಡೆ. "ಲೇ, ಇದು ನಾನೇನಾ?" ಎಂದಳು.

"ಅಲ್ಲ, ಪಕ್ಕದ ಮನೆಯೋಳು" ಎಂದೆ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಉಳಿದಿದ್ದು ತೋಳು ಕೂರಿಸುವುದು ಮಾತ್ರ. ಆದರೆ ಆ ವಾರ ಬೇಗಬೇಗ ಎಲ್ಲಿಂದಲೋ ಇನ್ನೊಂದು ಶಾಲೆಯ ಆರ್ಡರ್ ಹಿಡಿದುಕೊಂಡು ಬಂದ. ದಿನವಿಡೀ ನನ್ನ ಕೆಲಸ ಒಂದೇ: ಶರ್ಟುಗಳಿಗೆ ತೋಳು ಕೂರಿಸುವುದು. ನಮ್ಮ ಅಂಗಡಿಯ ತೋಳುಗಳಿಗೆ ಎಡಬಲ ಎಂಬುದಿಲ್ಲ. ಒಳ್ಳೆಯ ದರ್ಜಿ ತೋಳಿನ ಮುಂದು ಹಿಂದು ನೋಡಿ ಕತ್ತರಿಸುತ್ತಾನೆ. ನಮ್ಮಲ್ಲಿ ಬಟ್ಟೆಯ ಅಟ್ಟಿ ಒಟ್ಟಿ ಎಲ್ಲ ಒಂದೇ ಆಕಾರಕ್ಕೆ ಕೊಯ್ದುಬಿಡುತ್ತಾರೆ. ಗುಡ್ಡೆಯಿಂದ ಕೈಗೆ ಸಿಕ್ಕಿದ್ದನ್ನು ಎತ್ತು, ಸಿಕ್ಕಿದ ಕಡೆ ಹಚ್ಚು. "ಮಕ್ಕಳಿಗೆ ಏನು ಗೊತ್ತಾಗುತ್ತೆ? ಬೇಗ ಬೇಗ!" ಕಣ್ಣು ನೋಡುವುದೇ ಬೇಡ, ಕೈ ತಾನೇ ಮಾಡುತ್ತದೆ. ಆ ಕೈಯನ್ನೇ ಹೊತ್ತುಕೊಂಡು ನಾನು ಮನೆಗೆ ಬರುತ್ತಿದ್ದೆ.

ಘಟಿಕೋತ್ಸವದ ದಿನ ಬೆಳಿಗ್ಗೆ ಎದ್ದು ಅಕ್ಕನ ಅಂಗಿಗೆ ತೋಳು ಕೂರಿಸಿದೆ. ಮಿಷನ್ ಪಕ್ಕದಲ್ಲಿ ಎರಡೂ ತೋಳು ಇದ್ದವು. ಒಂದನ್ನು ಎತ್ತಿಕೊಂಡೆ, ಹಚ್ಚಿದೆ. ಇನ್ನೊಂದನ್ನು ಎತ್ತಿಕೊಂಡೆ, ಹಚ್ಚಿದೆ. ದಾರ ಕಡಿದೆ. ಅಂಗಿಯನ್ನು ಹ್ಯಾಂಗರಿಗೆ ಹಾಕಿ ಬಾಗಿಲಿಗೆ ನೇತುಹಾಕಿದ್ದು ನೆನಪಿದೆ. ಒಂದು ನಿಮಿಷ ಎಂದು ಮಿಷನ್ ಮೇಲೆ ತಲೆ ಇಟ್ಟಿದ್ದೂ ನೆನಪಿದೆ.

ಎಚ್ಚರವಾದಾಗ ಬಿಸಿಲು ನೆಲಕ್ಕೆ ಬಂದಿತ್ತು. ಬಾಗಿಲಲ್ಲಿ ಅಂಗಿ ಇರಲಿಲ್ಲ, ಮನೆಯಲ್ಲಿ ಅಕ್ಕನೂ ಇರಲಿಲ್ಲ. ಯಾರೋ ನನ್ನ ಬೆನ್ನಿಗೆ ಹೊದಿಕೆ ಹೊದಿಸಿದ್ದರು. ಫೋನ್ ಮಾಡಿದೆ.

"ಎದ್ಯಾ?" ಎಂದಳು ಅಕ್ಕ. ಹಿಂದೆ ಗದ್ದಲ ಕೇಳುತ್ತಿತ್ತು. "ಪದವಿ ತಗೊಳ್ಳೋರು ಮುಂಚೆ ಬರ್ಬೇಕು ಅಂದಿದ್ರು, ಬಂದ್ಬಿಟ್ಟೆ. ನೀನು ಅವಸರ ಮಾಡ್ಬೇಡ, ನಿಧಾನಕ್ಕೆ ಸ್ನಾನ ಮಾಡ್ಕೊಂಡು ಬಾ."

"ಅಂಗಿ ಹೇಗಿದೆ? ತೋಳು ಸರಿಯಾಗಿ ಕೂತಿದೆಯಾ?"

"ಚೆನ್ನಾಗಿದೆ ಕಣೇ. ಫೋನಿಡು, ಗೌನು ಕೊಡ್ತಿದಾರೆ."

ಸಭಾಂಗಣ ತಲುಪಿದಾಗ ಪದವೀಧರರೆಲ್ಲ ಹೊರಗಿನ ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದರು. ಎಲ್ಲ ಅರಳು ಮುಖದ ಹುಡುಗರು, ಹುಡುಗಿಯರು. ಎತ್ತರದ ಚಪ್ಪಲಿ ಹಾಕಿಕೊಂಡು ಒಂದೊಂದು ಕಾಲಿನ ಮೇಲೆ ನಿಲ್ಲುತ್ತಿದ್ದರು. ಅವರ ಮಧ್ಯೆ ನಮ್ಮಕ್ಕ ಕರಿ ಗೌನು ತೊಟ್ಟು ನೆಟ್ಟಗೆ ನಿಂತಿದ್ದಳು. ಕೊರಳಿನ ಹತ್ತಿರ ಹಸಿರು ಮಡಿಕೆ ಚೂರು ಕಾಣುತ್ತಿತ್ತು. ಎಷ್ಟು ಚೆಂದ ಕಾಣ್ತಿದಾಳೆ ಎಂದುಕೊಳ್ಳುತ್ತಾ ಹತ್ತಿರ ಹೋದೆ. ಅವಳು ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಗೌನಿನ ತೋಳಿನ ಕೆಳಗಿನಿಂದ ಎಡಗೈಯ ಬೆರಳುಗಳು ಇಣುಕುತ್ತಿದ್ದವು. ಊದಿ, ಚರ್ಮ ಮಿರಮಿರ ಮಿಂಚಿ, ಕಪ್ಪುಗೆಂಪಾಗಿದ್ದವು.

ಯಾರೂ ಏನೂ ಹೇಳಬೇಕಾಗಿರಲಿಲ್ಲ. ಎರಡು ತೋಳು, ಎತ್ತಿಕೊಂಡೆ, ಹಚ್ಚಿದೆ. ಕೈಗೆ ಸಿಕ್ಕಿದ್ದು, ಸಿಕ್ಕಿದ ಕಡೆಗೆ. ಥೂ ನನ್ನ ಕೈಗೆ ಬೆಂಕಿ ಬೀಳ!

ಅವಳ ಬಲಗೈ ಹಿಡಿದು ಹೆಂಗಸರ ಶೌಚಾಲಯಕ್ಕೆ ಎಳೆದುಕೊಂಡು ಹೋದೆ. ಗೌನು ಬಿಚ್ಚಿಸಿದೆ. ಬಲಗಡೆ ಅಗಲದ ತೋಳು ಜೋಲಾಡುತ್ತಿತ್ತು. ಎಡಗಡೆ ಚಿಕ್ಕ ತೋಳಿನೊಳಗೆ ಆ ಕೈಯನ್ನು ಹೇಗೆ ತುರುಕಿದಳೋ, ಬಟ್ಟೆ ಬಿರಿಯುವ ಹಾಗೆ ನಿಂತಿತ್ತು. ಚೀಲದಲ್ಲಿದ್ದ ದಾರ ಕಡಿಯುವ ಕತ್ತರಿ ತೆಗೆದು ಮಣಿಕಟ್ಟಿನಿಂದ ಶುರು ಮಾಡಿದೆ. ಹೊಲಿಗೆ ಬಿಚ್ಚುತ್ತಾ ಹೋದ ಹಾಗೆ ಅವಳು ಹಲ್ಲು ಕಚ್ಚಿಕೊಂಡು ಉಸಿರು ಬಿಡುತ್ತಿದ್ದಳು. ಬಗಲಿನ ತನಕ ಸೀಳಿದೆ. ಒಳಗೆ ಚರ್ಮದ ಮೇಲೆ ನನ್ನ ಹೊಲಿಗೆಯ ಗುರುತು ಉದ್ದಕ್ಕೆ ಒಂದೊಂದು ಟಾಕಾ ಕಾಣುವ ಹಾಗೆ ಮೂಡಿತ್ತು.

"ಯಾಕೆ ಹೇಳ್ಲಿಲ್ಲ?" ಎಂದೆ. ಕಿರುಚಿದೆ ಎಂದರೇ ಸರಿ. "ತೋಳು ಅದಲುಬದಲಾಗಿದೆ ಅಂತ ನಿನಗೆ ಹಾಕ್ಕೊಳ್ಳೋವಾಗ್ಲೇ ಗೊತ್ತಾಗ್ಲಿಲ್ವಾ? ಬಾಯಲ್ಲಿ ಏನಿತ್ತು ನಿನಗೆ?"

"ಹೇಳೋಣ ಅಂತಲೇ ಬಂದೆ" ಎಂದಳು. "ನೀನು ಮಿಷನ್ ಮೇಲೆ ತಲೆ ಇಟ್ಕೊಂಡು ಮಲಗಿದ್ದೆ. ಜೊಲ್ಲು ಬೇರೆ ಸುರೀತಿತ್ತು."

"ಎಬ್ಬಿಸ್ಬೇಕಿತ್ತು!"

"ಎಬ್ಬಿಸಿದ್ರೆ ನೀನು ಕೂತು ಬಿಚ್ಚಿ ಮತ್ತೆ ಹೊಲೀತಿದ್ದೆ."

"ಹೌದು, ಹೊಲೀತಿದ್ದೆ!"

"ಅದಕ್ಕೇ ಎಬ್ಬಿಸ್ಲಿಲ್ಲ."

ಹಾಗಿದ್ದರೆ ಹಳೆಯದೇನಾದರೂ ಹಾಕಿಕೊಂಡು ಬರಬಹುದಿತ್ತಲ್ಲ ಎಂದೆ. ನೀನು ಹೊಲಿದದ್ದು ಬಿಟ್ಟಾ ಎಂದು ನನ್ನನ್ನೇ ದಬಾಯಿಸಿದಳು. ಆಸ್ಪತ್ರೆಗೆ ನಡಿ ಎಂದೆ. "ಮೊದಲು ಸ್ಟೇಜಿಗೆ, ಆಮೇಲೆ ಎಲ್ಲಿಗೆ ಬೇಕಾದ್ರೂ" ಎಂದಳು. ಕೈ ಮೇಲೆತ್ತಿ ಹಿಡಿದರೆ ಊತ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಗೋಡೆಗೆ ಒರಗಿ ಎಡಗೈ ಎತ್ತಿ ನಿಂತಳು. ನಾನು ಅದನ್ನು ಕೆಳಗಿನಿಂದ ಹಿಡಿದುಕೊಂಡು ಬೆರಳಿನಿಂದ ಬಗಲಿನ ಕಡೆಗೆ ಮೆಲ್ಲಗೆ ನೀವಿದೆ. ಗೌನು ತೊಟ್ಟ ಒಬ್ಬ ಹುಡುಗಿ ಒಳಗೆ ಬಂದು, ಅಕ್ಕ ಕೈಯೆತ್ತಿ ನಿಂತಿರುವುದನ್ನು ನೋಡಿ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಟೀಚರ್ ಎಲ್ಲಿ ಎಂಬಂತೆ ಸುತ್ತ ನೋಡಿದಳು. ಅಕ್ಕನಿಗೆ ನಗು ಬಂತು. ನನಗೆ ಬರಲಿಲ್ಲ.

ಬೆರಳಿನ ಬಣ್ಣ ಸ್ವಲ್ಪ ತಿರುಗಿತು. ಸೀಳಿದ ತೋಳನ್ನು ಒಳಗೆ ಮಡಚಿ ಮೇಲೆ ಗೌನು ಹಾಕಿಸಿದೆ. ಗೌನಿನ ತೋಳು ಎಷ್ಟು ಅಗಲವೆಂದರೆ ಯಾರಿಗೂ ಏನೂ ಕಾಣುವ ಹಾಗಿರಲಿಲ್ಲ.

"ಸ್ಟೇಜ್ ಮೇಲೆ ಪರವಾಗಿಲ್ಲ" ಎಂದೆ. "ಇಳಿದ ಮೇಲೆ ಏನು ಮಾಡ್ತೀಯ? ಗೌನು ಕೊಡ್ಬೇಕಲ್ಲ."

"ನೋಡೋಣ" ಎಂದಳು. "ನೀನು ಮುಂದಿನ ಸಾಲಲ್ಲಿ ಕೂತ್ಕೋ. ನನಗೆ ಕಾಣೋ ಹಾಗೆ."

ಮುಂದಿನ ಸಾಲು ಸಿಗಲಿಲ್ಲ. ಮಧ್ಯದಲ್ಲಿ ಎಲ್ಲೋ ಒಂದು ಕುರ್ಚಿ ಸಿಕ್ಕಿತು. ಮೆತ್ತನೆಯ ಕುರ್ಚಿ, ಬೆನ್ನಿಗೂ ಮೆತ್ತೆ, ಕೈಗೂ ಮೆತ್ತೆ. ತಿಂಗಳಿನಿಂದ ಮಿಷನ್ ಮುಂದಿನ ಹಲಗೆಯ ಮೇಲೆ ಕೂತಿದ್ದ ಮೈ ಅದರಲ್ಲಿ ಇಳಿದುಹೋಯಿತು. ದೀಪ ಮಬ್ಬು ಮಾಡಿದರು. ಒಬ್ಬರು ಸ್ವಾಗತ ಮಾಡಿದರು, ಸ್ವಾಗತಿಸಿಕೊಂಡವರು ಮಾತಾಡಿದರು. ಯುವಕರೇ ನಾಳಿನ ಬೆಳಕು ಎಂದರು, ಕಷ್ಟಪಡಬೇಕು ಎಂದರು. ಕಷ್ಟಪಡುವುದರ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಹೆಸರು ಕೂಗುವುದು ಶುರುವಾಯಿತು. ಒಂದು ಹೆಸರು, ಚಪ್ಪಾಳೆ. ಇನ್ನೊಂದು ಹೆಸರು, ಚಪ್ಪಾಳೆ. ಒಂದೇ ಏಟು, ಒಂದೇ ಗತಿ, ಮಿಷನ್ ಓಡಿದ ಹಾಗೆ.

ಯಾರೋ ನನ್ನ ಮೊಣಕಾಲು ತಟ್ಟಿದರು. ಕಣ್ಣು ಬಿಟ್ಟರೆ ದೀಪಗಳೆಲ್ಲ ಹತ್ತಿದ್ದವು, ಕುರ್ಚಿಗಳೆಲ್ಲ ಖಾಲಿಯಾಗಿದ್ದವು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಗೌನು ಇರಲಿಲ್ಲ. ಹಸಿರು ಅಂಗಿಯ ಎಡತೋಳು ಸೀಳಿಕೊಂಡು ಎರಡು ಕಡೆಗೂ ಇಳಿಬಿದ್ದಿತ್ತು, ನಡುವೆ ಕೈ ಪೂರ್ತಿಯಾಗಿ ಹೊರಗಿತ್ತು. ತೊಡೆಯ ಮೇಲೆ ಪದವಿ ಪತ್ರದ ಸುರುಳಿ ಇತ್ತು.

"ಆಯ್ತಾ?" ಎಂದೆ.

"ಆಯ್ತು."

"ನೀನು... ಹತ್ತಿದ್ಯಾ? ಹೆಸರು ಕೂಗಿದ್ರಾ?"

"ಕೂಗಿದ್ರು, ಹತ್ತಿದೆ, ಇಳಿದೆ. ಮೇಲಿನಿಂದ ನಿನ್ನನ್ನೇ ಹುಡುಕಿದೆ. ಬಾಯಿ ತೆರ್ಕೊಂಡು ಮಲಗಿದ್ದೆ" ಎಂದು ನಕ್ಕಳು. "ಪಕ್ಕದ ಅಜ್ಜ ನಿನ್ನ ಗೊರಕೆ ಕೇಳಿ ಎದ್ದು ಬೇರೆ ಕಡೆ ಹೋಗಿ ಕೂತ್ರು."

ಸಂಜೆ ಸಂಜೆ ಪುಸ್ತಕ ಹಿಡಿದು ಹೋಗುತ್ತಿದ್ದವಳು, ವಾಂತಿ ಮಾಡಿಕೊಂಡು ಪರೀಕ್ಷೆ ಬರೆದವಳು. ಅವಳಿಗೆ ಅಂತ ಇಡೀ ಸಭೆಯಲ್ಲಿ ಇದ್ದವಳು ನಾನೊಬ್ಬಳು. ಅವಳು ಮೇಲೆ ನಿಂತು ಹುಡುಕುವಾಗ ನಾನು ಬಾಯಿ ತೆರೆದು ಮಲಗಿದ್ದೆ. ಅತ್ತುಬಿಟ್ಟೆ. ಜನ ಇದ್ದಾರೋ ಇಲ್ಲವೋ ನೋಡಲಿಲ್ಲ.

"ಅಯ್ಯೋ, ಬಿಡೇ" ಎಂದಳು ಅಕ್ಕ.

"ಮೇಡಂ ಬಂದಿದ್ರಾ?" ಎಂದೆ ಮೂಗೊರೆಸಿಕೊಂಡು.

"ಬಂದಿದ್ರು. ಗೌನು ವಾಪಸ್ ಕೊಟ್ಟ ಮೇಲೆ ಸಿಕ್ಕಿದ್ರು."

"ಏನಂದ್ರು?"

ಅಕ್ಕ ತೊಡೆಯ ಮೇಲಿನ ಸುರುಳಿಯನ್ನು ನೆಟ್ಟಗೆ ಮಾಡಿದಳು. "ಕೈ ನೋಡಿದ್ರು. ಹರಿದ ತೋಳು ನೋಡಿದ್ರು. ತಲೆ ಹೀಗೆ ವಾರೆ ಮಾಡಿ, ಹೇಗಿದೀರಾ ಈಗ ಅಂದ್ರು."

ಹೋಯಿತು. ಅಂಗಡಿಯಲ್ಲಿ ಸುತ್ತಿದ್ದು, ಕತ್ತರಿಸಿದ್ದು, ಬಿಚ್ಚಿದ್ದು, ನೆರಿಗೆ ಎಣಿಸಿ ಕೂರಿಸಿದ್ದು, ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಕೇಳಬಾರದ ಆ ಒಂದು ಮಾತನ್ನೇ ಆ ಒಂದು ದಿನವೂ ಕೇಳಿಸಿದ್ದು ನಾನು.

"ನೀನೇನಂದೆ?"

"ಪಾಸಾದೆ ಅಂದೆ."

ಅವಳ ಮುಖ ನೋಡಿದೆ. ಅಳು ಇರಲಿಲ್ಲ, ಸಿಟ್ಟು ಇರಲಿಲ್ಲ. ದಣಿವು ಇತ್ತು, ನನ್ನ ಮುಖದಲ್ಲಿರುವಂಥದ್ದೇ ದಣಿವು. "ವಾರೆ ಮಾಡಿದ್ದ ತಲೆ ನೆಟ್ಟಗಾಯ್ತು ಕಣೇ" ಎಂದಳು. "ಸೋಮವಾರ ಆಫೀಸಿಗೆ ಬಂದು ನನ್ನನ್ನ ನೋಡಿ ಅಂದ್ರು."

ಇನ್ನು ಕೂತಿರಲು ನನ್ನಿಂದ ಆಗಲಿಲ್ಲ. "ಏಳು" ಎಂದೆ.

"ಮನೆಗಾ?"

"ಸ್ಟೇಜಿಗೆ. ಇನ್ನೊಂದ್ಸಲ ಹತ್ತು. ನಾನು ನೋಡ್ಲಿಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಯಾರಿದಾರೆ ಇಲ್ಲಿ? ಗೌನೂ ಇಲ್ಲ."

"ಗೌನು ಯಾರಿಗೆ ಬೇಕು? ಏಳು ಅಂದ್ರೆ ಏಳು."

ಬೈದುಕೊಳ್ಳುತ್ತಲೇ ಎದ್ದಳು. ಕಸ ಗುಡಿಸುತ್ತಿದ್ದ ಒಬ್ಬಾತ ಪೊರಕೆ ನಿಲ್ಲಿಸಿ ನಮ್ಮನ್ನು ನೋಡಿದ. ಅಕ್ಕ ಮೆಟ್ಟಿಲು ಹತ್ತಿದಳು. ವೇದಿಕೆಯ ಆ ತುದಿಯಲ್ಲಿ ನಿಂತು, ಇಲ್ಲಿಂದಾ ಎಂದು ಕೈಸನ್ನೆ ಮಾಡಿದಳು. ನಾನು ಎದ್ದು ನಿಂತು ಅವಳ ಹೆಸರು ಕೂಗಿದೆ. ನಾನು ಹುಟ್ಟಿದಾಗಿನಿಂದ ಅಕ್ಕ ಎಂದು ಕರೆದವಳ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ ಕೂಗಿದ್ದು ಅದೇ ಮೊದಲು. ಅವಳು ನಡೆದಳು. ಸೀಳಿದ ತೋಳು ಹಿಂದೆ ಹಾರುತ್ತಿತ್ತು. ಅದು ಹಾರಿದ್ದು ಓರೆಗಣ್ಣಿಗೆ ಮಾತ್ರ ಗೊತ್ತಾಯಿತು. ಇಷ್ಟು ದಿನ ಟೇಪು ಹಿಡಿದು ಆ ಕೈಯೊಂದನ್ನೇ ನೋಡಿದ್ದವಳು ಈ ಸಲ ಅವಳ ಮುಖವನ್ನೇ ನೋಡಿದೆ. ನಾಚಿಕೆ, ನಗು, ದೊಡ್ಡಸ್ತಿಕೆ ಎಲ್ಲ ಒಟ್ಟಿಗೆ ಕೂತಿದ್ದ ಆ ಮುಖ ನನಗೆ ಗೊತ್ತೇ ಇರಲಿಲ್ಲ.

ಮಧ್ಯಕ್ಕೆ ಬಂದು ಅಲ್ಲಿ ಇಲ್ಲದ ಅತಿಥಿಗೆ ತಲೆ ಬಗ್ಗಿಸಿದಳು, ಸುರುಳಿಯನ್ನು ಬಲಗೈಯಿಂದ ಎಡಗೈಗೆ ತಾನೇ ಕೊಟ್ಟುಕೊಂಡಳು. ಈ ಕಡೆಯ ಮೆಟ್ಟಿಲು ಇಳಿದು ಏದುಸಿರು ಬಿಡುತ್ತಾ ಬಂದಳು.

"ಸಾಕಾ?" ಎಂದಳು. "ಕೈ ಸಿಡೀತಿದೆ, ಕಾಲೂ ಸೋತಿದೆ. ಆಸ್ಪತ್ರೆ ಅಂದಿದ್ಯಲ್ಲ, ನಡಿ ಹೋಗೋಣ."

"ಹೋಗೋಣ" ಎಂದೆ. "ಇನ್ನೊಂದೇ ಒಂದ್ಸಲ."

ಅವಳು ನನ್ನ ತಲೆಗೊಂದು ಮೊಟಕಿ, ಮತ್ತೆ ಮೆಟ್ಟಿಲಿನ ಕಡೆಗೆ ಹೊರಟಳು.